ಕೋವಿಗೊಂದು ಚಾಕು: ಯಾವ ಜೋಡಿ ಕೂಡುತ್ತದೆ, ಯಾವುದು ಕೂಡುವುದಿಲ್ಲ

1889ರ ಮಾದರಿಯ ಶ್ಮಿಟ್-ರುಬಿನ್ ರೈಫಲ್ ಸ್ವಿಟ್ಜರ್ಲೆಂಡ್ ಸೇನೆಯ ಕೈಗೆ ಬಂದಾಗ ಅದರ ಜೊತೆಗೇ ಒಂದು ತೊಡಕೂ ಬಂತು. 7.5 ಮಿ.ಮೀ. ತೋಟಾ, ತಿರುಗಿಸದೆ ನೇರ ಹಿಂದಕ್ಕೆಳೆಯುವ ಬೋಲ್ಟ್, ಎಲ್ಲ ಸರಿ. ಆದರೆ ಬಿಚ್ಚಿ ಜೋಡಿಸಲು ಸ್ಕ್ರೂಡ್ರೈವರ್ ಬೇಕೇ ಬೇಕು. ಸೈನಿಕರಿಗೆ ಡಬ್ಬಿಯ ಆಹಾರ ತೆರೆಯಲೂ ಏನಾದರೂ ಬೇಕಿತ್ತು. ಎರಡೂ ಅಗತ್ಯ ಒಂದರಲ್ಲೇ ತೀರಲಿ ಎಂದು ಸೇನೆ ಮಡಚುವ ಚಾಕು ಮಾಡಿಸಿತು: ಒಂದು ಅಲಗು, ಒಂದು ದಬ್ಬಳ, ಡಬ್ಬಿ ತೆರೆಯುವ ಕೊಕ್ಕೆ, ಒಂದು ಸ್ಕ್ರೂಡ್ರೈವರ್, ಕಪ್ಪನೆಯ ಓಕ್ ಮರದ ಹಿಡಿ. ಹೆಸರು 1890ರ ಮಾದರಿ. ಅಷ್ಟು ದೊಡ್ಡ ಸಂಖ್ಯೆಯಲ್ಲಿ ಮಾಡಿಕೊಡುವ ಕಾರ್ಖಾನೆ ಸ್ವಿಟ್ಜರ್ಲೆಂಡ್‌ನಲ್ಲಿ ಆಗ ಇರಲಿಲ್ಲ. ಮೊದಲ 15,000 ಚಾಕುಗಳು 1891ರ ಅಕ್ಟೋಬರ್‌ನಲ್ಲಿ ಜರ್ಮನಿಯ ಜೋಲಿಂಗೆನ್‌ನಿಂದ ಬಂದವು.

ಕೋವಿ-ಚಾಕು ಜೋಡಿಯ ಮಾತು ಬಂದಾಗಲೆಲ್ಲ ಈ ಚಾಕುವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕು. ಕೋವಿಗೆ ಆಗದ್ದನ್ನು ಅದು ಮಾಡಿತು, ಕೋವಿ ಹೋದ ಕಡೆಗೆಲ್ಲ ಹೋಯಿತು. ಈಗ ಜೋಡಿ ಎಂದು ತೋರಿಸುವ ಚಿತ್ರಗಳಲ್ಲಿ ಹೆಚ್ಚಿನವು ಬಣ್ಣದ ಜೋಡಿಗಳು: ಪಿಸ್ತೂಲಿನ ಹಿಡಿ ಮಣ್ಣಿನ ಬಣ್ಣದ್ದಾದರೆ ಚಾಕುವಿನ ಹಿಡಿಯೂ ಅದೇ ಬಣ್ಣ. ನೋಡಲು ಚಂದ, ಸರಿ. ಆದರೆ ಎರಡೂ ಒಂದೇ ಎಣ್ಣೆಗೆ ಒಗ್ಗುತ್ತವೆಯೇ, ಒಂದೇ ತೇವ ತಡೆಯುತ್ತವೆಯೇ, ಸೊಂಟದಲ್ಲಿ ಒಂದಕ್ಕೊಂದು ಅಡ್ಡ ಬರುತ್ತವೆಯೇ ಎಂದು ಯಾರೂ ಕೇಳುವುದಿಲ್ಲ. ಇಲ್ಲಿ ಅದನ್ನೇ ಕೇಳಿ, ಹೆಸರಾದ ಕೆಲವು ಜೋಡಿಗಳನ್ನು ತೂಗಿ ನೋಡಿದೆ. ಪರವಾನಗಿ, ಅಲಗಿನ ಉದ್ದ, ಒಂದೇ ಕೈಯಲ್ಲಿ ತೆರೆಯುವ ಚಾಕು, ಇವಕ್ಕೆ ಒಂದೊಂದು ಕಡೆ ಒಂದೊಂದು ಕಾನೂನಿದೆ. ಕೊಳ್ಳುವ ಮೊದಲು ನಿಮ್ಮಲ್ಲಿ ಏನಿದೆ ನೋಡಿಕೊಳ್ಳಿ.

ವಿಂಚೆಸ್ಟರ್ 94 ಮತ್ತು ಬಕ್ 110

ಎಲ್ಲರ ಬಾಯಲ್ಲೂ ಮೊದಲು ಬರುವ ಜೋಡಿ ಇದು. ಹೊಗಳಿಕೆಗೆ ಅರ್ಹವೂ ಹೌದು, ಒಂದು ಎಚ್ಚರಿಕೆಯ ಜೊತೆಗೆ. ಜಾನ್ ಬ್ರೌನಿಂಗ್ ರೂಪಿಸಿದ 1894ರ ಲಿವರ್ ಕೋವಿ, .30-30 ತೋಟಾ, 20 ಇಂಚಿನ ನಳಿಗೆ, ಸುಮಾರು 3 ಕೆ.ಜಿ. ತೂಕ. ಚಪ್ಪಟೆ ಮೈಯಾದ್ದರಿಂದ ಪೊದೆಯಲ್ಲಿ ಸಿಕ್ಕಿಕೊಳ್ಳದೆ ಸಾಗುತ್ತದೆ. ಹತ್ತಿರದ ದೂರದಲ್ಲಿ ಜಿಂಕೆಯಂಥ ಬೇಟೆಗೆ ಹೇಳಿ ಮಾಡಿಸಿದ್ದು. ಬೇಟೆ ಬಿದ್ದ ಮೇಲಿನ ಕೆಲಸ ಬಕ್ 110ರದ್ದು. 1964ರಲ್ಲಿ ಬಂದ ಈ ಮಡಚುವ ಚಾಕುವಿನ ಅಲಗು 9.5 ಸೆಂ.ಮೀ.; ಮೊನೆ ತೆಳುವಾಗಿ ಮೇಲೆದ್ದಿದೆ. ಹೊಟ್ಟೆಯ ಚರ್ಮದ ಕೆಳಗೆ ಮೊನೆ ತೂರಿಸಿ, ಬಾಯಿ ಮೇಲ್ಮುಖವಾಗಿ ಹಿಡಿದು ಎಳೆದರೆ ಕರುಳು ತೂತಾಗದೆ ಸೀಳಿಕೊಳ್ಳುತ್ತದೆ. 17-18 ಸೆಂ.ಮೀ. ಅಲಗಿನ ಚಾಕುವಿನಲ್ಲಿ ಇದೇ ಕೆಲಸ ಮಾಡಹೊರಟರೆ ಮೊನೆ ಎಲ್ಲಿದೆಯೆಂದು ಬೆರಳಿಗೆ ಗೊತ್ತಾಗುವುದಿಲ್ಲ, ಮೂತ್ರಕೋಶ ಒಡೆದು ಮಾಂಸ ಕೆಡುತ್ತದೆ.

110ರ ಅಲಗಿನ 420ಎಚ್‌ಸಿಯನ್ನು ಅಗ್ಗದ ಉಕ್ಕು ಎಂದು ಮೂಗು ಮುರಿಯುವವರು ಹದದ ಕಡೆ ನೋಡಬೇಕು. ಬಕ್ ಅದನ್ನು ಗಡಸುತನದ ರಾಕ್‌ವೆಲ್ ಸಿ ಅಳತೆಯ 58ರವರೆಗೆ ಒಯ್ಯುತ್ತದೆ. ಒಂದು ಜಿಂಕೆಯನ್ನು ಪೂರ್ತಿ ಹಸನು ಮಾಡುವಷ್ಟು ಹರಿತ ಉಳಿಯುತ್ತದೆ; ಮೊಂಡಾದರೆ ಸಾಮಾನ್ಯ ಸಾಣೆಕಲ್ಲಿನ ಮೇಲೆ ಪ್ರತಿ ಬದಿಗೆ 15 ಡಿಗ್ರಿ ಹಿಡಿದು ಉಜ್ಜಿದರೆ ಸಾಕು, ವಜ್ರದ ಕಲ್ಲು ಹುಡುಕಬೇಕಾಗಿಲ್ಲ. ತೂಕ ಮಾತ್ರ 200 ಗ್ರಾಂ ದಾಟುತ್ತದೆ. ಜೇಬಿನಲ್ಲಿಟ್ಟರೆ ಪ್ಯಾಂಟೇ ಜಗ್ಗುತ್ತದೆ, ಬೆಲ್ಟಿನ ಒರೆಯೇ ಅದಕ್ಕೆ ತಕ್ಕ ಜಾಗ.

ಇನ್ನು ಎಚ್ಚರಿಕೆ. 110ರ ಎರಡೂ ತುದಿಯ ಕಟ್ಟು ಹಿತ್ತಾಳೆಯದ್ದು. ನಳಿಗೆಯೊಳಗೆ ಗುಂಡಿನ ತಾಮ್ರ ಅಂಟಿದ್ದನ್ನು ಕರಗಿಸಲು ಬಳಸುವ ಹಲವು ಸಾಲ್ವೆಂಟ್‌ಗಳಲ್ಲಿ ಅಮೋನಿಯಾ ಇರುತ್ತದೆ. ಅದಕ್ಕೆ ನಳಿಗೆಯ ತಾಮ್ರವೂ ಒಂದೇ, ಚಾಕುವಿನ ಹಿತ್ತಾಳೆಯೂ ಒಂದೇ. ಕೋವಿ ಒರೆಸಿದ ಬಟ್ಟೆಯಲ್ಲೇ ಚಾಕು ಒರೆಸಿದರೆ ಹಿತ್ತಾಳೆ ಮೊದಲು ಮಂಕಾಗುತ್ತದೆ, ಆಮೇಲೆ ನೀಲಿ-ಹಸಿರು ಕಲೆ. ಹೆಚ್ಚು ಹೊತ್ತು ಹಾಗೇ ಬಿಟ್ಟರೆ ಒತ್ತಡದಲ್ಲಿರುವ ಹಿತ್ತಾಳೆ ಕೂದಲೆಳೆಯಷ್ಟು ಬಿರುಕು ಬಿಡುವುದೂ ಉಂಟು. ಚರ್ಮದ ಒರೆಯಲ್ಲಿ ತಿಂಗಳುಗಟ್ಟಲೆ ಇಟ್ಟರೂ ಕಿಲುಬು ಬರುತ್ತದೆ, ಅದಕ್ಕೆ ಕಾರಣ ಬೇರೆ: ಚರ್ಮ ಹದ ಮಾಡಲು ಬಳಸಿದ ಆಮ್ಲ, ಲವಣ, ಜೊತೆಗೆ ಚರ್ಮ ಹೀರಿಕೊಂಡ ತೇವ. ಒರೆ ಹೊತ್ತು ತಿರುಗಲಿಕ್ಕೆ. ಮನೆಗೆ ಬಂದ ಮೇಲೆ ಚಾಕು ಹೊರಗಿರಬೇಕು.

ಬೇಟೆಯ ಚಾಕುವಾಗಿ 110ರಲ್ಲಿ ಕೆಡುವ ಜಾಗ ಒಂದೇ. ಚಾಕು ತೆರೆದಾಗ ಬೆನ್ನಿನ ಲಾಕ್ ಪಟ್ಟಿಯ ಮೂತಿ ಅಲಗಿನ ಬುಡದಲ್ಲಿರುವ ಕಚ್ಚಿನೊಳಗೆ ಕೂರುತ್ತದೆ. ಆ ಕಚ್ಚಿನಲ್ಲಿ ರಕ್ತ, ಕೊಬ್ಬು, ಜೇಬಿನ ನೂಲುಧೂಳು ಸೇರಿ ಗಟ್ಟಿಯಾದರೆ ಮೂತಿ ಪೂರ್ತಿ ಕೂರುವುದಿಲ್ಲ. ತೆರೆದಾಗ ಟಕ್ ಎಂಬ ಸದ್ದು ಮಂದವಾಗುತ್ತದೆ, ಲಾಕ್ ಪಟ್ಟಿ ಹಿಡಿಯ ಬೆನ್ನಿಗಿಂತ ಕೂದಲೆಳೆ ಎತ್ತರ ನಿಲ್ಲುತ್ತದೆ. ಆ ಸ್ಥಿತಿಯಲ್ಲಿ ಒತ್ತಿ ಕೊಯ್ದರೆ ಅಲಗು ಬೆರಳ ಮೇಲೆ ಮಡಚಿಕೊಳ್ಳಬಹುದು. ಪ್ರತಿ ಬಳಕೆಯ ನಂತರ ಬಿಸಿ ನೀರು, ಪಾತ್ರೆ ತೊಳೆಯುವ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್. ಕಚ್ಚಿನೊಳಗೆ ಹಲ್ಲುಕಡ್ಡಿ ಆಡಿಸಿ, ಬೇರೆ ನೀರಲ್ಲಿ ಜಾಲಿಸಿ, ಪೂರ್ತಿ ಒಣಗಿಸಿ ಕೀಲಿಗೆ ಒಂದೇ ತೊಟ್ಟು ಎಣ್ಣೆ. ಎರಡನೇ ತೊಟ್ಟು ಧೂಳು ಹಿಡಿಯಲಿಕ್ಕೆ.

ವಿಂಚೆಸ್ಟರ್ ಕಡೆಯಿಂದಲೂ ಒಂದು ಮಾತು. ಈ ಕೋವಿಯ ನಳಿಗೆಗೆ ಹಿಂದಿನಿಂದ ಕಡ್ಡಿ ತೂರಿಸಲು ದಾರಿಯಿಲ್ಲ, ಬಾಯಿಯ ಕಡೆಯಿಂದಲೇ ಶುಚಿ ಮಾಡಬೇಕು. ಕಡ್ಡಿ ಓಲಾಡಿದರೆ ನಳಿಗೆಯ ಬಾಯಂಚು ಸವೆದು ಗುರಿ ಚದುರುತ್ತದೆ. ಬಾಯಿಗೆ ಕೂರುವ ಹಿತ್ತಾಳೆಯ ಕಡ್ಡಿಗಾಪು ಇಟ್ಟುಕೊಳ್ಳಿ, ಇಲ್ಲವೇ ಹಿಂದಿನಿಂದ ಮುಂದಕ್ಕೆ ಎಳೆಯುವ ಹಗ್ಗದ ಬ್ರಷ್ ಬಳಸಿ. ಸ್ಕ್ರೂಗಳ ಸೀಳು ತೀರ ತೆಳು. ಬಕ್‌ನ ಮೊನೆಯಲ್ಲಿ ಅವನ್ನು ತಿರುಗಿಸಲು ಹೋದರೆ ಮೊನೆಯೂ ಹೋಗುತ್ತದೆ, ಸ್ಕ್ರೂವಿನ ಮುಖವೂ ಹಾಳಾಗುತ್ತದೆ.

1911 ಮತ್ತು ಕಾ-ಬಾರ್

ಚರಿತ್ರೆಯೇ ಕೂಡಿಸಿದ ಜೋಡಿ. ಕೋಲ್ಟ್‌ನ .45 ಪಿಸ್ತೂಲನ್ನು ಅಮೆರಿಕದ ಸೇನೆ 1911ರ ಮಾರ್ಚ್‌ನಲ್ಲಿ ಒಪ್ಪಿಕೊಂಡಿತು. ನೌಕಾ ಪದಾತಿದಳ ಕಾ-ಬಾರ್ ಮಾದರಿಯ ಚಾಕುವನ್ನು 1942ರಲ್ಲಿ ತೆಗೆದುಕೊಂಡಿತು. ಪೆಸಿಫಿಕ್ ದ್ವೀಪಗಳ ಯುದ್ಧದಲ್ಲಿ ಎರಡೂ ಒಂದೇ ಬೆಲ್ಟಿನಲ್ಲಿ ತೂಗಿದವು. ಇವತ್ತು ಈ ಜೋಡಿ ಕೊಳ್ಳುವವರಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಆ ನೆನಪೇ, ಅದರಲ್ಲಿ ತಪ್ಪೇನಿಲ್ಲ. ಆದರೆ ಕೆಲಸಕ್ಕೆಂದು ಕೊಂಡರೆ ಮೂಗಿಗಿಂತ ಮೂಗುತಿ ಭಾರ. ಖಾಲಿ ಪಿಸ್ತೂಲೇ 1.1 ಕೆ.ಜಿ., ಚಾಕು ಒಟ್ಟು 30 ಸೆಂ.ಮೀ. ಉದ್ದ, ಅಲಗು 17.8 ಸೆಂ.ಮೀ. ಕುರ್ಚಿಯಲ್ಲಿ ಕೂತರೆ ಒರೆಯ ತುದಿ ತೊಡೆಗೆ ಚುಚ್ಚುತ್ತದೆ, ಕಾರಿನಲ್ಲಿ ಕೂರುವ ಮೊದಲು ಬಿಚ್ಚಿಡಲೇಬೇಕು.

ನಿರ್ವಹಣೆಯಲ್ಲಿ ಮಾತ್ರ ಇವೆರಡೂ ಒಂದೇ ತಾಯಿಯ ಮಕ್ಕಳು. ಹಳೆಯ ಮಾದರಿಯ 1911 ಕಾರ್ಬನ್ ಉಕ್ಕು, ಕಾ-ಬಾರ್ 1095 ಕ್ರೋವ್ಯಾನ್, ಅದೂ ಕಾರ್ಬನ್ ಉಕ್ಕೇ. ಬೆವರಿನ ಉಪ್ಪು ಎರಡಕ್ಕೂ ಶತ್ರು. ಪಿಸ್ತೂಲಿನಲ್ಲಿ ತುಕ್ಕು ಮೊದಲು ಕಾಣುವುದು ಅಂಗೈ ಒತ್ತುವ ಗ್ರಿಪ್ ಸೇಫ್ಟಿ ಮತ್ತು ಹಿಡಿಯ ಮುಂಬದಿಯಲ್ಲಿ. ಚಾಕುವಿನಲ್ಲಿ ಕಪ್ಪು ಲೇಪ ಮುಗಿದು ಬರಿ ಉಕ್ಕು ಶುರುವಾಗುವ ಗೆರೆಯ ಮೇಲೆ. ಸಾಣೆ ಹಿಡಿದಂತೆಲ್ಲ ಆ ಗೆರೆ ಮೇಲೇರುತ್ತ ಹೋಗುತ್ತದೆ. ಒಂದೇ ಎಣ್ಣೆ ಬಟ್ಟೆಯಲ್ಲಿ ಎರಡನ್ನೂ ಒರೆಸಬಹುದು, ಚಾಕು ಅಡುಗೆಗೆ ಹೋಗುವುದಿಲ್ಲ ಎಂದಾದರೆ.

ಕಾ-ಬಾರ್‌ನ ಹಿಡಿ ಚರ್ಮದ ಬಿಲ್ಲೆಗಳನ್ನು ಒಂದರ ಮೇಲೊಂದು ಒತ್ತಿ ಕೂರಿಸಿದ್ದು. ಒಣ ಹವೆಯಲ್ಲಿ ಬಿಲ್ಲೆಗಳು ಕುಗ್ಗುತ್ತವೆ, ನಡುವೆ ಸಂದು ಬಿಡುತ್ತದೆ, ಹಿಡಿ ಕೈಯಲ್ಲಿ ಸಣ್ಣಗೆ ತಿರುಗಿದಂತಾಗುತ್ತದೆ. ಆಗ ಜನ ಮಾಡುವ ತಪ್ಪು ಎಣ್ಣೆ ಕುಡಿಸುವುದು. ಪ್ರಾಣಿಜನ್ಯ ಎಣ್ಣೆ ಹೆಚ್ಚಾದರೆ ಚರ್ಮ ಮೆತ್ತಗಾಗಿ ಬಿಲ್ಲೆಗಳು ಮತ್ತೂ ಸಡಿಲ. ಜೇನುಮೇಣ ಬೆರೆತ ಲೇಪವನ್ನು ಬೆರಳಲ್ಲಿ ತೆಳ್ಳಗೆ ಸವರಿ, ಹಿಡಿಯನ್ನು ಉಗುರುಬೆಚ್ಚಗೆ ಕಾಯಿಸಿ, ಒರೆಸಿದರೆ ಸಾಕು. ವರ್ಷಕ್ಕೊಮ್ಮೆ ಹೆಚ್ಚು ಬೇಡ. ಹುಡಿಲೇಪದ ಮೈಯಾದ್ದರಿಂದ ಈ ಚಾಕು ಹಸಿಮಾಂಸದೊಳಗೆ ಸಲೀಸಾಗಿ ಜಾರುವುದಿಲ್ಲ, ಎಳೆದೆಳೆದು ಕೊಯ್ಯಬೇಕಾಗುತ್ತದೆ. ಪೆಟ್ಟಿಗೆ ಒಡೆಯಲು, ಕೊಂಬೆ ಕಡಿಯಲು, ಗೂಟ ಚೂಪು ಮಾಡಲು ಇದಕ್ಕಿಂತ ನಂಬಿಗಸ್ತ ಚಾಕು ಕಡಿಮೆ. ಬೇಟೆಗಾರನಿಗೆ ನಾನಿದನ್ನು ಹೇಳಲಾರೆ. ಸಂಗ್ರಹಕಾರನಿಗೆ ಕಣ್ಣು ಮುಚ್ಚಿ ಹೇಳುತ್ತೇನೆ.

ಸಂಗ್ರಹದ ಮಾತು ಬಂದದ್ದಕ್ಕೆ ಇನ್ನೊಂದು ಜೋಡಿ. ಎರಡನೇ ಮಹಾಯುದ್ಧದ ಅಮೆರಿಕದ ಗಿಡ್ಡ ಕೋವಿ ಎಂ1 ಕಾರ್ಬೈನ್‌ಗೆ ಆರಂಭದಲ್ಲಿ ಸಂಗೀನು, ಅಂದರೆ ನಳಿಗೆಯ ತುದಿಗೆ ಸಿಕ್ಕಿಸುವ ಚಾಕು, ಇರಲಿಲ್ಲ. ಸಂಗೀನಿಲ್ಲದ ಸೈನಿಕರಿಗೆಂದೇ 1943ರಲ್ಲಿ ಎಂ3 ಕಂದಕ ಚಾಕು ಬಂತು, ಮರುವರ್ಷ ಅದೇ ಅಲಗಿಗೆ ನಳಿಗೆಯ ಉಂಗುರ ಮತ್ತು ಹಿಡಿಯ ತುದಿಗೆ ಕೊಂಡಿ ಸೇರಿಸಿ ಎಂ4 ಸಂಗೀನು ಮಾಡಿದರು. ಹೀಗಾಗಿ ಕಾರ್ಬೈನ್‌ಗೆ ಎರಡೂ ಸರಿಯಾದ ಜೋಡಿಯೇ. ಎಂ3 ಕೊಳ್ಳುವಾಗ ಗುರುತು ನೋಡಿ: ಮೊದಮೊದಲು ಅಲಗಿನ ಮೇಲೆ ಅಚ್ಚೊತ್ತುತ್ತಿದ್ದರು, ಆಮೇಲೆ ಅಡ್ಡಪಟ್ಟಿಗೆ ಸರಿಸಿದರು. ಅಲಗಿನ ಗುರುತಿನವು ಅಪರೂಪವಾದ್ದರಿಂದ ನಕಲಿ ಹೆಚ್ಚು ಅವುಗಳದ್ದೇ. ಅಕ್ಷರದ ಅಂಚು ಚೂಪಾಗಿದ್ದು, ಸುತ್ತಲಿನ ಲೇಪ ಸವೆದಿದ್ದರೆ ಅನುಮಾನಿಸಿ. ಇಂಥ ಹಳೆಯ ವಸ್ತುವಿಗೆ ಎಣ್ಣೆಯೇ ಬೇಡ. ಬ್ರಿಟಿಷ್ ಮ್ಯೂಸಿಯಂ ರೂಪಿಸಿದ ರೆನೆಸಾನ್ಸ್ ಮೇಣವನ್ನು ಲೋಹ, ಮರ, ಚರ್ಮ ಮೂರಕ್ಕೂ ತೆಳುವಾಗಿ ಹಚ್ಚಬಹುದು.

ಗ್ಲಾಕ್‌ಗೆ ಗ್ಲಾಕ್ ಚಾಕುವೇ?

ಆಸ್ಟ್ರಿಯಾದ ಗ್ಲಾಕ್ ಕಂಪನಿಯ ಪಿಸ್ತೂಲಿಗಿಂತ ಮೊದಲು ಬಂದ ಚಾಕು ಇದು, ಹೆಚ್ಚಿನವರಿಗೆ ಗೊತ್ತಿಲ್ಲ. ಚಾಕುವಿನ ಹೆಸರು ಎಫ್‌ಎಂ 78, ಅಂಕಿಯೇ ವರ್ಷ ಹೇಳುತ್ತದೆ. ಪಿಸ್ತೂಲು ಆಸ್ಟ್ರಿಯಾ ಸೇನೆಗೆ ಸೇರಿದ್ದು 1980ರ ದಶಕದ ಆರಂಭದಲ್ಲಿ. ಬೆನ್ನಿಗೆ ಗರಗಸವಿರುವ ಅಣ್ಣತಮ್ಮ ಎಫ್‌ಎಂ 81. ಅಲಗು 16.5 ಸೆಂ.ಮೀ., ಸ್ಪ್ರಿಂಗ್ ಉಕ್ಕು, ಗಡಸುತನ 55ರ ಆಸುಪಾಸು. ಈ ಅಂಕಿಯಲ್ಲೇ ಚಾಕುವಿನ ಗುಣ ಪೂರ್ತಿ ಇದೆ: ಬಾಯಿ ಬೇಗ ಮೊಂಡಾಗುತ್ತದೆ, ಆದರೆ ಮೀಟಿದರೆ ಮುರಿಯದೆ ಬಾಗುತ್ತದೆ, ಯಾವ ಕಲ್ಲಿನ ಮೇಲಾದರೂ ಐದು ನಿಮಿಷದಲ್ಲಿ ಹರಿತ ಬರುತ್ತದೆ. ಅಡ್ಡಪಟ್ಟಿಯ ಮೇಲಿನ ಕೊಂಬು ಮುಂದಕ್ಕೆ ಬಾಗಿದೆ, ಬಾಟಲಿ ಮುಚ್ಚಳ ತೆಗೆಯಲು. ಪ್ಲಾಸ್ಟಿಕ್ ಒರೆಯ ನಾಲಗೆ ಆ ಪಟ್ಟಿಯನ್ನು ಕಚ್ಚಿ ಹಿಡಿಯುತ್ತದೆ, ಹೆಬ್ಬೆರಳಲ್ಲಿ ಒತ್ತಿದರೆ ಬಿಡುತ್ತದೆ. ಓಡಿದರೆ ಗಲಗಲ ಎನ್ನುತ್ತದೆ.

ಕೊಯ್ಯುವ ಚಾಕುವಾಗಿ ಇದು ಸಾಧಾರಣ. ಕಾರ್ಖಾನೆಯ ಸಾಣೆಯ ಕೋನ ದಪ್ಪ. ಹಗ್ಗ ಕೊಯ್ಯುತ್ತದೆ, ಟೊಮೇಟೊ ಹಿಚುಕುತ್ತದೆ. 81ರ ಗರಗಸ ಹಸಿಮರದಲ್ಲಿ ಹೊಟ್ಟು ಕಟ್ಟಿಕೊಂಡು ನಿಲ್ಲುತ್ತದೆ, ಜೊತೆಗೆ ಬೆನ್ನಿಗೆ ಕಟ್ಟಿಗೆಯಿಂದ ಬಡಿದು ಸೌದೆ ಸೀಳುವ ಅನುಕೂಲವನ್ನೂ ಕಸಿಯುತ್ತದೆ. ಎರಡರಲ್ಲಿ 78ನ್ನೇ ಆರಿಸಿ. ಪಿಸ್ತೂಲಿನ ಹಾಗೇ ಇದೂ ಅಲಂಕಾರವಿಲ್ಲದ, ಕೆಸರಲ್ಲಿ ಬಿದ್ದರೂ ತೊಳೆದರೆ ಮುಗಿಯುವ ವಸ್ತು. ಸ್ವಭಾವದಲ್ಲಿ ಇದಕ್ಕಿಂತ ಹೊಂದುವ ಜೋಡಿ ಇಲ್ಲ. ಆದರೆ ಗ್ಲಾಕ್ ಪಿಸ್ತೂಲು ದಿನವೂ ಹೊರುವ ವಸ್ತು, ಈ ಚಾಕು ದಿನವೂ ಹೊರುವಂಥದ್ದಲ್ಲ. ತೊಡಕಿರುವುದು ಅಲ್ಲಿ.

ದಿನದ ಬಳಕೆಗೆ ಗ್ಲಾಕ್ 19ರ ಜೊತೆ ಸ್ಪೈಡರ್ಕೋ ಪ್ಯಾರಾ ಮಿಲಿಟರಿ 2 ಅಥವಾ ಅದರ ಕಿರಿಯ ರೂಪ ಪ್ಯಾರಾ 3 ಹೆಸರಾದವು. 8.7 ಸೆಂ.ಮೀ. ಮತ್ತು ಸುಮಾರು 7.5 ಸೆಂ.ಮೀ. ಅಲಗು, ಗಾಜಿನ ನಾರಿನ ಜಿ10 ಹಿಡಿ, ತುಕ್ಕು ತಡೆಯುವ ಎಸ್45ವಿಎನ್ ಉಕ್ಕು. ಗ್ಲಾಕ್‌ನ ಸ್ಲೈಡ್, ಅಂದರೆ ಹಿಂದೆ ಮುಂದೆ ಜಾರುವ ಮೇಲ್ಭಾಗದ ಮೇಲ್ಮೈಗೂ ಸಾರಜನಕ ಕೂಡಿಸಿ ಗಡಸು ಮಾಡಿದ್ದಾರೆ. ಎರಡನ್ನೂ ಬೆವರಿನಲ್ಲಿ ಹೊತ್ತು ತಿರುಗಿ ವಾರಕ್ಕೊಮ್ಮೆ ಒರೆಸಿದರೆ ನಡೆಯುತ್ತದೆ. ಈ ಬರಹದ ಜೋಡಿಗಳಲ್ಲಿ ಅತಿ ಕಡಿಮೆ ಆರೈಕೆ ಕೇಳುವುದು ಇದೇ.

ಸಮಸ್ಯೆ ಜಾಗದ್ದು. ಬಲಗೈಯವರ ಪಿಸ್ತೂಲು ಬಲ ಸೊಂಟದ ಹಿಂಬದಿಯಲ್ಲಿದ್ದರೆ, ಅದೇ ಬದಿಯ ಜೇಬಿನ ಅಂಚಿಗೆ ಕ್ಲಿಪ್ ಸಿಕ್ಕಿಸಿದ ಚಾಕು ಹೋಲ್‌ಸ್ಟರ್‌ನ ಬೆಲ್ಟ್ ಕೊಂಡಿಗೆ ತಗಲುತ್ತದೆ, ಅಂಗಿ ಕ್ಲಿಪ್ಪಿಗೆ ಸಿಕ್ಕಿ ಮೇಲೇರಿ ನಿಲ್ಲುತ್ತದೆ. ಎಡ ಜೇಬಿಗೆ ಸರಿಸಿದರೆ ಜಾಗವೇನೋ ಆಯಿತು. ಸ್ಪೈಡರ್ಕೋ ಕ್ಲಿಪ್ಪನ್ನು ನಾಲ್ಕು ಜಾಗದಲ್ಲಿ ಕೂರಿಸಬಹುದು. ಆದರೆ ತೆರೆದ ಅಲಗನ್ನು ಹಿಡಿದಿಡುವ ಅದರ ಕಂಪ್ರೆಷನ್ ಲಾಕ್ ಬಲಗೈಯ ಬೆರಳಿಗೆಂದೇ ಇಟ್ಟದ್ದು. ಎಡಗೈಯಲ್ಲಿ ಮುಚ್ಚುವಾಗ ಸಲೀಸಿಲ್ಲ. ಎಡಜೇಬಿನ ಚಾಕುವೇ ಬೇಕೆಂದರೆ ಬೆಂಚ್‌ಮೇಡ್ 940 ಒಳ್ಳೆಯದು. ಅದರ ಆಕ್ಸಿಸ್ ಲಾಕ್ ಎರಡೂ ಬದಿಯಿಂದ ಎಳೆಯುವಂಥದ್ದು, ತೂಕವೂ ಕಡಿಮೆ. ಅದರ ದುರ್ಬಲ ಭಾಗ ಲಾಕಿನ ಸಣ್ಣ ತಂತಿ ಸ್ಪ್ರಿಂಗ್. ಎರಡಿರುತ್ತವೆ, ಒಂದು ಮುರಿದರೆ ಇನ್ನೊಂದು ಕೆಲಸ ನಡೆಸುತ್ತದೆ, ಆದರೆ ಅಲಗು ಮುಚ್ಚಿದ ಸ್ಥಿತಿಯಲ್ಲಿ ಹಿಡಿತ ಸಡಿಲವೆನಿಸುತ್ತದೆ. ಹಾಗೆನಿಸಿದ ದಿನವೇ ಸ್ಪ್ರಿಂಗ್ ಬದಲಿಸಿ.

ಜಿ10 ಹಿಡಿಯ ಒರಟುತನ ಜೇಬಿನ ಅಂಚನ್ನು ಕೆಲವೇ ವಾರಗಳಲ್ಲಿ ಎಳೆ ಎಳೆ ಮಾಡುತ್ತದೆ. ಕ್ಲಿಪ್ ಬಿಚ್ಚಿ, ಅದರ ಅಡಿಯ ಜಾಗವನ್ನಷ್ಟೇ 320ರ ನೀರುಕಾಗದದಲ್ಲಿ (ಒದ್ದೆ ಮಾಡಿ ಬಳಸುವ ಮರಳುಕಾಗದ) ಉಜ್ಜಿ ನಯ ಮಾಡಿದರೆ ಸರಿಹೋಗುತ್ತದೆ. ಒದ್ದೆ ಮಾಡಿಯೇ ಉಜ್ಜಿ. ಜಿ10 ಗಾಜಿನ ನಾರು, ಆ ಹುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕ್ಲಿಪ್ ಮತ್ತೆ ಕೂರಿಸುವಾಗ ಸ್ಕ್ರೂ ಸಡಿಲವಾಗದಂತೆ ಹಿಡಿಯುವ ನೀಲಿ ಬಣ್ಣದ ಅಂಟು, ಥ್ರೆಡ್‌ಲಾಕರ್, ಸೂಜಿಮೊನೆಯಷ್ಟು ಸಾಕು. ಕೀಲಿನ ಕಡೆ ಅದು ಹರಿದರೆ ಅಲಗೇ ಅಂಟಿಕೊಳ್ಳುತ್ತದೆ.

ಚಳಿ, ನೀರು

ಹಿಮದ ನಾಡಿಗೆ ಫಿನ್ಲೆಂಡ್‌ನ ಟಿಕ್ಕಾ ಟಿ3ಎಕ್ಸ್, ಸ್ವೀಡನ್‌ನ ಫಾಲ್‌ಕ್ನಿವೆನ್ ಎಫ್1. ಟಿಕ್ಕಾದ ಬೋಲ್ಟ್ ನಯವಾಗಿ ಓಡುತ್ತದೆ, ತೂಕ ಸುಮಾರು 3 ಕೆ.ಜಿ. ಎಫ್1 ಸ್ವೀಡನ್ ವಾಯುಪಡೆಯ ವಿಮಾನ ಚಾಲಕರಿಗೆಂದು ಆಯ್ಕೆಯಾದ ಚಾಕು: 9.7 ಸೆಂ.ಮೀ. ಅಲಗು, 4.5 ಮಿ.ಮೀ. ದಪ್ಪ, ನಡುವೆ ಗಡಸು ವಿಜಿ10 ಉಕ್ಕು, ಎರಡೂ ಬದಿಗೆ ಮೆದು ಉಕ್ಕಿನ ಹೊದಿಕೆ. ಹಿಡಿ ರಬ್ಬರಿನಂಥದ್ದಾದ್ದರಿಂದ ಮೈನಸ್ ಚಳಿಯಲ್ಲಿ ಬರಿಗೈಗೆ ಲೋಹ ಅಂಟುವ ಭಯವಿಲ್ಲ. ಬಾಯಿ ಉಬ್ಬುಕೋನದ್ದು, ಚಪ್ಪಟೆ ಕಲ್ಲಿನಲ್ಲಿ ಸಾಣೆ ಹಿಡಿದರೆ ಆ ಉಬ್ಬು ಹೋಗುತ್ತದೆ. ಮೌಸ್‌ಪ್ಯಾಡಿನ ಮೇಲೆ ನೀರುಕಾಗದ ಹಾಸಿ, 600ರಿಂದ 1000, ಆಮೇಲೆ 2000. ಬಾಯಿ ಹಿಂದಿರುವಂತೆ ಬೆನ್ನಿನ ಕಡೆಗೆ ಎಳೆಯಬೇಕು, ಮುಂದಕ್ಕೆ ತಳ್ಳಿದರೆ ಕಾಗದ ಹರಿಯುತ್ತದೆ. ಚಳಿಯಲ್ಲಿ ಕೋವಿ ಕೈಕೊಡುವುದು ಹೆಚ್ಚಾಗಿ ಬೋಲ್ಟ್ ಒಳಗಿನ ಗ್ರೀಸ್‌ನಿಂದ. ಗಟ್ಟಿಯಾದ ಗ್ರೀಸ್ ಫೈರಿಂಗ್ ಪಿನ್ನಿನ ವೇಗ ಕುಗ್ಗಿಸಿ, ತೋಟಾ ಹಾರದೆ ಉಳಿಯುತ್ತದೆ. ಬೋಲ್ಟ್ ಒಳಗಿನ ಜಿಡ್ಡು ಪೂರ್ತಿ ತೊಳೆದು, ಬಹುತೇಕ ಒಣದಾಗಿಯೇ ಬಿಡಿ. ಹೊರಗಿನ ಚಳಿಯಿಂದ ಬೆಚ್ಚನೆ ಕೋಣೆಗೆ ತಂದ ಕೋವಿ, ಚಾಕು ಎರಡರ ಮೇಲೂ ಇಬ್ಬನಿ ಕಟ್ಟುತ್ತದೆ. ಅದು ಒಣಗುವ ಮೊದಲು ಎಣ್ಣೆ ಹಚ್ಚಿದರೆ ನೀರನ್ನು ಒಳಗೆ ಮುಚ್ಚಿಟ್ಟಂತೆ.

ನೀರುಹಕ್ಕಿಯ ಬೇಟೆಗೆ ರೆಮಿಂಗ್ಟನ್ 870 ಪಂಪ್ ಕೋವಿ 1950ರಿಂದ ಇದೆ. ಅದರ ಜೊತೆ ಓಪಿನೆಲ್ 8ನ್ನು ಇಟ್ಟು ಹೊಗಳುವುದು ವಾಡಿಕೆ. ಹಕ್ಕಿ ಹಸನು ಮಾಡಲು 8.5 ಸೆಂ.ಮೀ.ನ ಅದರ ತೆಳು ಅಲಗು ಅಪ್ಪಟ, ಒಪ್ಪೋಣ. ಆದರೆ ಬೀಚ್ ಮರದ ಹಿಡಿ ನೀರು ಕುಡಿದು ಉಬ್ಬಿದರೆ ಅಲಗನ್ನು ಹಿಚುಕಿ ಹಿಡಿದುಬಿಡುತ್ತದೆ, ಒದ್ದೆ ಬೆರಳಿಗೆ ಚಾಕು ತೆರೆಯುವುದೇ ಇಲ್ಲ. ಹಿಡಿಯ ಹಿಂತುದಿಯನ್ನು ಗಟ್ಟಿ ವಸ್ತುವಿಗೆ ಕುಟ್ಟಿದರೆ ಅಲಗು ತುಸು ಹೊರಗೆ ಬರುತ್ತದೆ ಎಂಬುದು ಹಳೆಯ ಉಪಾಯ. ದೋಣಿಯಲ್ಲಿ ಆ ಸರ್ಕಸ್ ಯಾಕೆ? ಉಪ್ಪುನೀರಿನ ಕಡೆಗೆ ಸ್ಪೈಡರ್ಕೋದ ಸಾಲ್ಟ್ ಸರಣಿ ತೆಗೆದುಕೊಳ್ಳಿ, ಅದರ ಉಕ್ಕಿಗೆ ಸಾರಜನಕ ಬೆರೆಸಿದ್ದೇ ತುಕ್ಕು ತಡೆಯಲೆಂದು. ಅಂಗಳದಲ್ಲಿ ಕೂತು ಗರಿ ಕೀಳುವವರಿಗೆ ಓಪಿನೆಲ್ ಇರಲಿ.

ಮೊದಲ ಜೋಡಿ ಯಾವುದು

ಹೊಸಬರು ಕೇಳಿದರೆ ರೂಗರ್ 10/22, ಮೋರಾ ಕಂಪ್ಯಾನಿಯನ್. ರೂಗರ್ ಕೂಡ ಬಕ್ 110ರಂತೆ 1964ರ ಕೂಸು: .22 ತೋಟಾ, ಸ್ಟಾಕಿನೊಳಗೆ (ಕೋವಿಯ ಹಿಡಿಭಾಗ) ಹುದುಗುವ 10 ತೋಟಾಗಳ ತಿರುಗು ಮ್ಯಾಗಜಿನ್. ಮೋರಾದ್ದು 10.4 ಸೆಂ.ಮೀ. ಅಲಗು, 2.5 ಮಿ.ಮೀ. ದಪ್ಪ, ಸ್ವೀಡನ್‌ನ 12ಸಿ27 ಸ್ಟೇನ್‌ಲೆಸ್. ಅದರ ಬಾಯಿ ಸ್ಕ್ಯಾಂಡಿ ಸಾಣೆಯದ್ದು, ಅಂದರೆ ಪ್ರತಿ ಬದಿಗೆ ಒಂದೇ ಅಗಲವಾದ ಚಪ್ಪಟೆ ಇಳಿಜಾರು. ಆ ಅಗಲ ಮುಖವನ್ನೇ ಕಲ್ಲಿಗೆ ಚಪ್ಪಟೆಯಾಗಿ ಒರಗಿಸಿದರೆ ಕೋನ ತಾನೇ ಸಿಗುತ್ತದೆ. ಸಾಣೆ ಕಲಿಯುವವರಿಗೆ ಇದಕ್ಕಿಂತ ಸುಲಭದ ಚಾಕು ಇಲ್ಲ. ಕಾರ್ಬನ್ ಉಕ್ಕಿನ ರೂಪವೂ ಇದೆ, ಹರಿತ ಇನ್ನೂ ಚೆನ್ನ, ಒರೆಸದೆ ಬಿಟ್ಟರೆ ರಾತ್ರಿ ಕಳೆಯುವುದರೊಳಗೆ ಕೆಂಪಾಗುತ್ತದೆ. ಮೊದಲ ಚಾಕುವಿಗೆ ಸ್ಟೇನ್‌ಲೆಸ್ ಸಾಕು. ಮೊಲದ ಕೆಲಸಕ್ಕೆ ಅಲಗು ತುಸು ಉದ್ದವೇ, ಬೆನ್ನಿನ ಮೇಲೆ ತೋರುಬೆರಳಿಟ್ಟು ಮುಂದಕ್ಕೆ ಹಿಡಿದರೆ ಹತೋಟಿ ಬರುತ್ತದೆ.

ಇಲ್ಲಿ ಸ್ವಿಸ್ ಪಾಠ ಮತ್ತೆ ಉಪಯೋಗಕ್ಕೆ ಬರುತ್ತದೆ. 10/22ರ ಯಂತ್ರಭಾಗ ಸ್ಟಾಕಿಗೆ ಅಂಟಿರುವುದು ಮ್ಯಾಗಜಿನ್ ಮುಂದಿರುವ ಒಂದು ಸೀಳುಸ್ಕ್ರೂವಿನಿಂದ, ಹಲವು ರೂಪಗಳಲ್ಲಿ ನಳಿಗೆಯ ಪಟ್ಟಿಗೂ ಒಂದು ಸ್ಕ್ರೂ ಇರುತ್ತದೆ. ಮೊದಲನೆಯದು ಸಡಿಲವಾದರೆ ಗುರಿ ಕಾರಣವಿಲ್ಲದೆ ಅಲೆದಾಡುತ್ತದೆ. ಜನ ದೂರದರ್ಶಕವನ್ನು ದೂರುತ್ತ ಅರ್ಧ ದಿನ ಕಳೆಯುತ್ತಾರೆ. ಜೇಬಿನಲ್ಲೊಂದು ವಿಕ್ಟೋರಿನಾಕ್ಸ್ ಸ್ವಿಸ್ ಮಡಚುವ ಚಾಕು ಇದ್ದರೆ ಅದರ ದೊಡ್ಡ ಸ್ಕ್ರೂಡ್ರೈವರ್‌ನಲ್ಲಿ ಬಯಲಲ್ಲೇ ಬಿಗಿ ಮಾಡಬಹುದು. ಬಯಲಿಗಷ್ಟೇ. ಅದರ ತುದಿ ಬೆಣೆಯಾಕಾರ, ಸೀಳಿನ ತಳಕ್ಕೆ ಮುಟ್ಟದೆ ಮೇಲಂಚನ್ನು ಮಾತ್ರ ಒತ್ತುತ್ತದೆ. ಜೋರು ಮಾಡಿದರೆ ಮೇಲೆದ್ದು ಜಾರಿ ಸ್ಟಾಕಿನ ಮರ ಕೆರೆಯುತ್ತದೆ. ಮನೆಯ ಮೇಜಿನ ಮೇಲೆ ಸಮಾಂತರ ಬದಿಯ, ಸೀಳಿನ ಅಗಲಕ್ಕೆ ಸರಿಹೊಂದುವ ಕೋವಿ-ಸ್ಕ್ರೂಡ್ರೈವರ್ ಬಳಸಿ. ಮೋರಾದ ಮೊನೆ ಎರಡಕ್ಕೂ ಬೇಡ.

ಕೋವಿ ಕಂಪನಿಯ ಹೆಸರು ಕೊರೆದ ಚಾಕು, ಕೋವಿ ಪೆಟ್ಟಿಗೆಯಲ್ಲೇ ಜೋಡಿಯಾಗಿ ಬರುವ ಉಡುಗೊರೆ ಸೆಟ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಬಹುತೇಕ ಹೆಸರಿನ ಪರವಾನಗಿ ಪಡೆದು ಬೇರೆ ಯಾರೋ ಮಾಡಿದವು. ಅಲಗಿನ ಮೇಲೆ ಉಕ್ಕಿನ ಹೆಸರು ಬರೆಯದೆ ಬರಿ ಸ್ಟೇನ್‌ಲೆಸ್ ಎಂದಿದ್ದರೆ ಕೆಳಗಿಡಿ.

ಎರಡಕ್ಕೂ ಒಂದೇ ಮೇಜು, ಒಂದೇ ಬಟ್ಟೆಯಲ್ಲ

ಶುಚಿಗೆ ಕೂರುವ ಮುನ್ನ ಮ್ಯಾಗಜಿನ್ ತೆಗೆಯಿರಿ, ಚೇಂಬರ್ ಖಾಲಿಯೆಂದು ಕಣ್ಣಲ್ಲಿ ನೋಡಿ, ಕಿರುಬೆರಳಿಟ್ಟು ಮುಟ್ಟಿ. ತೋಟಾಗಳು ಆ ಕೋಣೆಯಲ್ಲೇ ಇರಬಾರದು. ಮೊದಲು ಚಾಕು, ಆಮೇಲೆ ಕೋವಿ. ಈ ಕ್ರಮಕ್ಕೆ ಕಾರಣ ಸೀಸ. ಹೆಚ್ಚಿನ ತೋಟಾಗಳ ಪ್ರೈಮರ್‌ನಲ್ಲಿ, ಅಂದರೆ ಮದ್ದಿಗೆ ಕಿಡಿ ಕೊಡುವ ಭಾಗದಲ್ಲಿ, ಸೀಸದ ಸಂಯುಕ್ತವಿದೆ. ನಳಿಗೆಯಿಂದ ಬಂದ ಮಸಿ ಬಟ್ಟೆಗೆ, ಬಟ್ಟೆಯಿಂದ ಅಲಗಿಗೆ, ಅಲಗಿನಿಂದ ಮಾಂಸಕ್ಕೆ ದಾಟುತ್ತದೆ. ಎರಡು ಬಣ್ಣದ ಬಟ್ಟೆ ಇಟ್ಟುಕೊಂಡರೆ ಗೊಂದಲವಿಲ್ಲ. ಆಹಾರ ಮುಟ್ಟುವ ಅಲಗಿಗೆ ಔಷಧಿ ಅಂಗಡಿಯ ಮಿನರಲ್ ಆಯಿಲ್ ಸಾಕು. ಅಡುಗೆ ಎಣ್ಣೆ ಗಟ್ಟಿಯಾಗಿ ಅಂಟಂಟಾಗುತ್ತದೆ. ಕೋವಿಯ ಲೋಹ, ಮರದ ಸ್ಟಾಕ್, ಚರ್ಮದ ಪಟ್ಟಿ ಎಲ್ಲಕ್ಕೂ ಒಂದೇ ಡಬ್ಬಿ ಬೇಕೆಂದರೆ 1904ರಿಂದ ಬಳಕೆಯಲ್ಲಿರುವ ಜರ್ಮನಿಯ ಬ್ಯಾಲಿಸ್ಟಾಲ್ ಇದೆ. ವಾಸನೆ ಮಾತ್ರ ಎಲ್ಲರಿಗೂ ಹಿಡಿಸುವುದಿಲ್ಲ.

ಜೋಡಿಯನ್ನು ಪ್ರದರ್ಶನಕ್ಕೆ ಇಡುವವರು ಪೆಟ್ಟಿಗೆಯ ಬಗ್ಗೆ ಯೋಚಿಸಬೇಕು. ಸಾಧಾರಣ ಸ್ಪಂಜಿನ ಹಾಸು ತೇವ ಹಿಡಿದಿಡುತ್ತದೆ, ಉಕ್ಕು ಅದಕ್ಕೆ ತಗಲಿದ ಕಡೆಯಲ್ಲೆಲ್ಲ ಚುಕ್ಕೆ ತುಕ್ಕು. ಓಕ್ ಮರ, ಎಂಡಿಎಫ್ ಹಲಗೆ ಎರಡೂ ಮುಚ್ಚಿದ ಗಾಜಿನೊಳಗೆ ಆಮ್ಲದ ಆವಿ ಬಿಡುತ್ತವೆ, ಸಂಗ್ರಹಾಲಯಗಳು ಅವನ್ನು ದೂರವಿಡುವುದು ಅದಕ್ಕೇ. ಲೋಹದ ಕಪಾಟು, ಒಳಗೆ ಸಿಲಿಕಾ ಜೆಲ್, ತೇವಾಂಶ 50 ಪ್ರತಿಶತದ ಸುತ್ತ. ಚಾಕು ಒರೆಯ ಪಕ್ಕದಲ್ಲಿ, ಒರೆಯೊಳಗಲ್ಲ. ಕೋವಿ ಖಾಲಿ, ಬೀಗ ಹಾಕಿದ್ದು, ತೋಟಾ ಬೇರೆ ಬೀಗದಲ್ಲಿ.